ಚರ್ಮದ ಜಿಡ್ಡು ಕೆಟ್ಟಾಗ

ಮನುಷ್ಯನ ಚರ್ಮದ ಮೇಲೆ ಸದಾ ಜಿಡ್ಡಿನ ತೆಳು ಪದರವೊಂದು ಇರುತ್ತದೆ. ಕೂದಲ ಬುಡಕ್ಕೆ ಅಂಟಿಕೊಂಡ ಮೇದೋಗ್ರಂಥಿಗಳು ಇದನ್ನು ಸ್ರವಿಸುತ್ತವೆ. ಹಣೆ, ಮೂಗು, ನೆತ್ತಿಯಲ್ಲಿ ಇದು ಹೆಚ್ಚು. ಅಂಗೈ, ಅಂಗಾಲುಗಳಲ್ಲಿ ಆ ಗ್ರಂಥಿಗಳೇ ಇಲ್ಲ. ಜಿಡ್ಡಿನಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲು ಟ್ರೈಗ್ಲಿಸರೈಡ್ ಮತ್ತು ಕೊಬ್ಬಿನಾಮ್ಲಗಳದು, ಸುಮಾರು ಕಾಲು ಭಾಗ ಮೇಣದ ಎಸ್ಟರ್‌ಗಳದು. ಬೇಗ ಕೆಡುವ ಅಂಶವೆಂದರೆ ಸುಮಾರು ಶೇ 12ರಷ್ಟಿರುವ ಸ್ಕ್ವಾಲೀನ್.

ಜಪಾನಿನ ರಸಾಯನವಿಜ್ಞಾನಿ ಮಿತ್ಸುಮಾರು ತ್ಸುಜಿಮೊಟೊ 20ನೇ ಶತಮಾನದ ಆರಂಭದಲ್ಲಿ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಇದನ್ನು ಗುರುತಿಸಿದರು. ದೇಹದ ಇತರ ಜೀವಕೋಶಗಳು ಸ್ಕ್ವಾಲೀನನ್ನು ಕೊಲೆಸ್ಟರಾಲ್ ಆಗಿ ಬದಲಿಸುತ್ತವೆ. ಮೇದೋಗ್ರಂಥಿಗಳಲ್ಲಿ ಅದು ಹಾಗೆಯೇ ಶೇಖರವಾಗಿ ಹೊರಬರುತ್ತದೆ. ಅದರ ಅಣುವಿನಲ್ಲಿ ಆರು ದ್ವಿಬಂಧಗಳಿವೆ. ಆಮ್ಲಜನಕದ ದಾಳಿ ನಡೆಯುವುದು ಅಲ್ಲಿಯೇ. ಡಬ್ಬಿಯಲ್ಲಿ ಹಳತಾದ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆಯ ಕ್ರಿಯೆಯಿಂದ.

ಬಿಸಿಲು ಈ ಕ್ರಿಯೆಗೆ ವೇಗ ಕೊಡುತ್ತದೆ. ಸೂರ್ಯನ ನೇರಳಾತೀತ ‘ಎ’ ಕಿರಣಗಳು ಚರ್ಮದ ಬ್ಯಾಕ್ಟೀರಿಯಾಗಳು ತಯಾರಿಸುವ ಪೋರ್ಫಿರಿನ್‌ಗಳನ್ನು ಪ್ರಚೋದಿಸಿ, ಅತಿ ಚುರುಕಾದ ಆಮ್ಲಜನಕವನ್ನು ಹುಟ್ಟಿಸುತ್ತವೆ. ಅದು ಸ್ಕ್ವಾಲೀನ್‌ಗೆ ತಗುಲಿದಾಗ ಪೆರಾಕ್ಸೈಡ್‌ಗಳು ಉಂಟಾಗುತ್ತವೆ. ಈ ಕಿರಣಗಳು ಕಿಟಕಿಯ ಸಾಮಾನ್ಯ ಗಾಜನ್ನೂ ದಾಟುತ್ತವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಿಗರೇಟಿನ ಹೊಗೆ, ಓಝೋನ್ ಕೂಡ ಇದೇ ಕೆಲಸ ಮಾಡುತ್ತವೆ. ಪ್ರಕೃತಿ ರಕ್ಷಣೆಯನ್ನೂ ಒದಗಿಸಿದೆ: ಅದೇ ಜಿಡ್ಡಿನ ಜೊತೆಗೆ ವಿಟಮಿನ್ ಇ ಸ್ರವಿಸುತ್ತದೆ. ಆದರೆ ಕಡು ಬಿಸಿಲಿನಲ್ಲಿ ಅದು ಬೇಗ ಕರಗಿಹೋಗುತ್ತದೆ.

ಇದರ ಪರಿಣಾಮ ಎದ್ದು ಕಾಣುವುದು ಮೊಡವೆಯಲ್ಲಿ. ಕೆಟ್ಟ ಸ್ಕ್ವಾಲೀನನ್ನು ಮೊಲದ ಕಿವಿಗೆ ಹಚ್ಚಿ ನೋಡಿದ ಪ್ರಯೋಗಗಳಲ್ಲಿ ರಂಧ್ರಗಳು ಮುಚ್ಚಿ, ಮೊಡವೆಯ ಮೊದಲ ಹಂತದ ಗಂಟುಗಳು ಕಾಣಿಸಿಕೊಂಡವು. ಮೊಡವೆಯುಳ್ಳವರ ಜಿಡ್ಡಿನಲ್ಲಿ ಸ್ಕ್ವಾಲೀನ್ ಹೆಚ್ಚು, ವಿಟಮಿನ್ ಇ ಕಡಿಮೆ ಇರುವುದನ್ನೂ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ಮೊಡವೆಯ ದೋಷವನ್ನೆಲ್ಲ ಬ್ಯಾಕ್ಟೀರಿಯಾದ ತಲೆಗೆ ಕಟ್ಟುವುದು ಸರಿಯಲ್ಲ.

ಪೆರಾಕ್ಸೈಡ್‌ಗಳು ಒಡೆದಾಗ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಇವು ಪ್ರೋಟೀನುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತವೆ, ಉರಿಯೂತ ಹೆಚ್ಚಿಸುತ್ತವೆ. ಬಿಸಿಲಿನಿಂದ ಚರ್ಮ ಬೇಗ ಮುಪ್ಪಾಗುವುದರಲ್ಲಿ ಇವುಗಳ ಪಾಲೂ ಇದೆ. ವಯಸ್ಸಾದವರ ಮೈವಾಸನೆಗೂ ಇಂಥದೇ ಒಂದು ವಸ್ತು ಕಾರಣ: 2001ರಲ್ಲಿ ಜಪಾನಿನ ಸಂಶೋಧಕರು 40 ದಾಟಿದವರಲ್ಲಿ 2-ನೊನೆನಾಲ್ ಎಂಬ ಆಲ್ಡಿಹೈಡನ್ನು ಪತ್ತೆಹಚ್ಚಿದರು. ಅದು ಕೊಳೆಯ ವಾಸನೆಯಲ್ಲ. ಹಿರಿಯರನ್ನು ಅದಕ್ಕಾಗಿ ಹಳಿಯುವುದು ಅನ್ಯಾಯ.

ಪರಿಣಾಮ ಚರ್ಮಕ್ಕಷ್ಟೇ ನಿಲ್ಲುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಓಝೋನ್ ಜನರ ಮೈ, ಬಟ್ಟೆಗಳ ಮೇಲಿನ ಸ್ಕ್ವಾಲೀನ್ ಜೊತೆ ವರ್ತಿಸಿ ಅಸಿಟೋನ್ ಮುಂತಾದ ಆವಿಗಳನ್ನು ಬಿಡುತ್ತದೆ. ಓಝೋನ್ ತಗ್ಗುವುದು ನಿಜ, ಆದರೆ ಹೊಸ ವಸ್ತುಗಳಲ್ಲಿ ಕೆಲವು ಉಸಿರಾಟದ ದಾರಿಯನ್ನು ಕೆರಳಿಸಬಲ್ಲವು. ಓಝೋನ್ ಹೊರಬಿಡುವ ಗಾಳಿಶುದ್ಧಿ ಯಂತ್ರಗಳನ್ನು ಮನೆಗೆ ತರದಿರುವುದೇ ಲೇಸು.

ಜಿಡ್ಡು ಚರ್ಮದ ವೈರಿಯಲ್ಲ. ಪದೇಪದೇ ಸೋಪು ಹಚ್ಚಿ ಅದನ್ನು ಪೂರ್ತಿ ತೆಗೆದರೆ ಚರ್ಮ ಒಣಗಿ ಬಿರಿಯುತ್ತದೆ. ದಿನಕ್ಕೆರಡು ಬಾರಿ ಹಿತವಾಗಿ ಮುಖ ತೊಳೆಯಿರಿ, ನಡುಹಗಲಿನ ಬಿಸಿಲಿಗೆ ಕೊಡೆ ಹಿಡಿಯಿರಿ, ‘ಎ’ ಕಿರಣಗಳನ್ನೂ ತಡೆಯುವ ಸನ್‌ಸ್ಕ್ರೀನ್ ಹಚ್ಚಿ, ಧೂಮಪಾನ ಬಿಡಿ.