ಬಿದಿರು ಮತ್ತು ರಹದಾರಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಸೀಮೆಯು ಕಾಡಿನ ನೆರಳಿನಲ್ಲಿ ಬಾಳಿದ ನಾಡು. ಈ ಕಾಡಿನ ಬಿದಿರು ಎರಡು ಬಗೆಯ ಉದ್ಯಮಗಳಿಗೆ ಆಧಾರವಾಯಿತು. ಬುಟ್ಟಿ, ಮೊರ, ತಟ್ಟಿಗಳನ್ನು ಹೆಣೆದು ಸಂತೆಯಲ್ಲಿ ಮಾರುವ ಮೇದರ ಕಸುಬು ಒಂದು. 1955ರಲ್ಲಿ ಸ್ಥಾಪನೆಗೊಂಡ ದಾಂಡೇಲಿಯ ಕಾಗದದ ಕಾರ್ಖಾನೆ ಮತ್ತೊಂದು.

ಸಸ್ಯಶಾಸ್ತ್ರದ ಪ್ರಕಾರ ಬಿದಿರು ಮರವಲ್ಲ; ಭತ್ತ, ಕಬ್ಬುಗಳಂತೆ ಅದೂ ಹುಲ್ಲಿನ ಕುಲಕ್ಕೆ ಸೇರಿದ್ದು. ಆದರೆ 1927ರ ಭಾರತೀಯ ಅರಣ್ಯ ಕಾಯಿದೆಯು ‘ಮರ’ ಎಂಬ ಪದದ ವ್ಯಾಖ್ಯೆಯಲ್ಲಿ ಬಿದಿರನ್ನೂ ಸೇರಿಸಿತು. 1963ರ ನಮ್ಮ ರಾಜ್ಯದ ಅರಣ್ಯ ಕಾಯಿದೆಯೂ ಅದೇ ದಾರಿಯನ್ನು ಹಿಡಿಯಿತು. ಮರವೆನಿಸಿದ ಮೇಲೆ ಕಡಿಯಲು ಅಪ್ಪಣೆ, ಸಾಗಿಸಲು ರಹದಾರಿ ಬೇಕಾದುದು ಸಹಜವೇ.

ರಹದಾರಿಯ ಉದ್ದೇಶ ಒಳ್ಳೆಯದು. ಮಾಲು ಎಲ್ಲಿಂದ ಬಂತು, ಎಷ್ಟಿದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವಿಲ್ಲದಿದ್ದರೆ ಕಾಡು ಕಳ್ಳರ ಪಾಲಾಗುತ್ತದೆ. ಆದರೆ ನಿಯಮ ಒಂದೇ ಆದರೂ ಅದರ ಭಾರ ಎಲ್ಲರಿಗೂ ಒಂದೇ ಅಲ್ಲ. ಕಾರ್ಖಾನೆಗೆ ಕಾಗದಪತ್ರ ನೋಡಿಕೊಳ್ಳಲು ಗುಮಾಸ್ತರಿರುತ್ತಾರೆ. ಸಾವಿರಾರು ಟನ್ನುಗಳ ಮೇಲೆ ಹಂಚಿದಾಗ ಆ ಖರ್ಚು ಗಣನೆಗೇ ಬಾರದು. ಒಂದು ಹೊರೆ ಬಿದಿರು ಬೇಕಾದ ಮೇದರವನಾದರೋ ತಾನೇ ಕಚೇರಿಗೆ ಅಲೆಯಬೇಕು. ಅಧಿಕಾರಿ ಸಿಗದಿದ್ದರೆ ಮರುದಿನ ಮತ್ತೆ ಹೋಗಬೇಕು. ಶುಲ್ಕ ಅಲ್ಪವಾದರೂ ಕಳೆದುಹೋದ ದಿನಗಳ ದುಡಿಮೆಯನ್ನು ತುಂಬಿಕೊಡುವವರಿಲ್ಲ.

ಈ ತೊಡಕನ್ನು ಸಡಿಲಿಸುವ ಯತ್ನಗಳೂ ನಡೆದಿವೆ. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಕರೆದು, ಅರಣ್ಯವಾಸಿಗಳಿಗೆ ಅದರ ಒಡೆತನದ ಹಕ್ಕನ್ನು ನೀಡಿತು. ಅದರಂತೆ 2011ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗ್ರಾಮದಲ್ಲಿ ರಹದಾರಿ ಪುಸ್ತಕವು ಗ್ರಾಮಸಭೆಯ ಕೈಗೇ ಬಂದಿತು. ಅಲ್ಲಿ ಲೆಕ್ಕ ತಪ್ಪಲಿಲ್ಲ. ಲೆಕ್ಕ ಬರೆಯುವವರು ಹತ್ತಿರದವರಾದರು. 2017ರಲ್ಲಿ ಸಂಸತ್ತು ಕೇಂದ್ರದ ಅರಣ್ಯ ಕಾಯಿದೆಯನ್ನು ತಿದ್ದಿ, ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು. ಕಾಡಿನ ಹೊರಗೆ, ರೈತರ ಹೊಲದ ಬದುಗಳಲ್ಲಿ ಬಿದಿರು ಬೆಳೆಯುವುದಕ್ಕೆ ಉತ್ತೇಜನ ಕೊಡುವುದು ಅದರ ಗುರಿಯಾಗಿತ್ತು. ಕಾಡಿನೊಳಗಣ ಬಿದಿರು ಮಾತ್ರ ಅರಣ್ಯೋತ್ಪನ್ನವಾಗಿಯೇ ಉಳಿಯಿತು.

ಒಂದು ಪದದ ಅರ್ಥವನ್ನು ಸರಿಪಡಿಸಲು ತೊಂಬತ್ತು ವರ್ಷಗಳು ಬೇಕಾದವು. ಕಾಡೂ ಉಳಿಯಬೇಕು, ಕಸುಬೂ ಉಳಿಯಬೇಕು. ಆದುದರಿಂದ ಯಾವುದೇ ಪರವಾನಗಿಯನ್ನು ವಿಧಿಸುವಾಗ, ಅದು ಏನನ್ನು ಕಾಪಾಡುತ್ತದೆ ಎಂಬುದರೊಡನೆ, ಅತ್ಯಂತ ಚಿಕ್ಕ ಕಸುಬುದಾರನು ಅದಕ್ಕಾಗಿ ಎಷ್ಟು ದಿನಗಳನ್ನು ತೆರಬೇಕಾಗುತ್ತದೆ ಎಂಬುದನ್ನೂ ಯೋಚಿಸುವುದು ಆಡಳಿತದ ಕರ್ತವ್ಯ.