ಜ್ಯಾ ಶಬ್ದವೂ ತ್ರಿಕೋನಮಿತಿಯ ಮೊದಲ ಪಾಠವೂ

ಪ್ರೌಢಶಾಲೆಯ ವಿದ್ಯಾರ್ಥಿಯು ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಗೆ ‘ಜ್ಯಾ’ ಎಂಬ ಹೆಸರನ್ನು ಕಲಿಯುತ್ತಾನೆ. ತ್ರಿಕೋನಮಿತಿಯಲ್ಲಿ ‘ಸೈನ್’ ಎಂಬ ಬೇರೊಂದು ಹೆಸರು ಅವನಿಗೆ ಎದುರಾಗುತ್ತದೆ. ಎರಡಕ್ಕೂ ಮೂಲವೊಂದೇ ಎಂದು ತಿಳಿಸುವವರು ವಿರಳ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಬೇಕೆಂಬ ಸೂತ್ರವನ್ನು ಬಾಯಿಪಾಠ ಮಾಡಿ ಅವನು ಪರೀಕ್ಷೆಯನ್ನು ದಾಟುತ್ತಾನೆ. ವಸ್ತು ಮಾತ್ರ ಕೈಗೆ ಸಿಕ್ಕಿರುವುದಿಲ್ಲ.

ಜ್ಯಾ ಎಂದರೆ ಬಿಲ್ಲಿನ ಹೆದೆ. ಕಂಸವು ಬಿಲ್ಲಾದರೆ ಅದರ ತುದಿಗಳನ್ನು ಸೇರಿಸುವ ರೇಖೆಯು ಹೆದೆ. ಗಣಿತಜ್ಞರಿಗೆ ಬೇಕಾದುದು ಅದರ ಅರ್ಧ. ಆದಕಾರಣ ‘ಅರ್ಧಜ್ಯಾ’ ಎಂದು ಕರೆದು, ಬಳಕೆಯಲ್ಲಿ ‘ಅರ್ಧ’ವನ್ನು ಬಿಟ್ಟು ಜ್ಯಾ, ಜೀವಾ ಎಂದೇ ಉಳಿಸಿಕೊಂಡರು. ಅರಬರು ಈ ಜೀವಾ ಶಬ್ದವನ್ನು ಧ್ವನಿಗನುಸಾರವಾಗಿ ಬರೆದುಕೊಂಡರು. ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಆ ಲಿಪಿಯಲ್ಲಿ ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. ಅದಕ್ಕೆ ಉಡುಪಿನ ಮಡಿಕೆ ಎಂದರ್ಥ. 12ನೆಯ ಶತಮಾನದ ಲ್ಯಾಟಿನ್ ಭಾಷಾಂತರಕಾರರು ಅದೇ ಅರ್ಥದ ‘ಸೈನಸ್’ ಪದವನ್ನಿಟ್ಟರು. ಹೀಗೆ ಹೆದೆಯು ಮಡಿಕೆಯಾಗಿ ನಮ್ಮ ಶಾಲೆಗಳಿಗೆ ಮರಳಿತು. (ಭಾಷಾಂತರದ ಅಪಾಯಕ್ಕೆ ಸಾಹಿತ್ಯದ ಉಪಾಧ್ಯಾಯರು ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ.)

ಪಾಠವನ್ನು ಸೂತ್ರದಿಂದಲ್ಲದೆ ಹೆದೆಯಿಂದಲೇ ಆರಂಭಿಸಬಹುದು. ಮಕ್ಕಳು 10 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನೆಳೆದು, ಕೈವಾರದ ಅಗಲವನ್ನು ಬದಲಿಸದೆ ಪರಿಧಿಯ ಮೇಲೆ ಹೆಜ್ಜೆಯಿಡಿಸಲಿ. ಆರು ಹೆಜ್ಜೆಗಳಿಗೆ ಸುತ್ತು ಮುಗಿಯುತ್ತದೆ. ಆದುದರಿಂದ 60 ಡಿಗ್ರಿಯ ಬಿಲ್ಲಿಗೆ ಹೆದೆಯು 10, ಅರ್ಧಹೆದೆಯು 5. ಕೇಂದ್ರದಿಂದ ಹೆದೆಯ ನಡುವಿಗೆ ಗೆರೆಯೆಳೆದರೆ ಕೋನವು 30 ಡಿಗ್ರಿಯಾಗುತ್ತದೆ. ಪಕ್ಕದ ಹುಡುಗಿಯು 6 ಸೆಂಟಿಮೀಟರ್ ತ್ರಿಜ್ಯವನ್ನು ತೆಗೆದುಕೊಂಡಿದ್ದರೆ ಅವಳಿಗೆ 3 ದೊರೆಯುತ್ತದೆ. ಅಳತೆ ಬೇರೆ, ಪ್ರಮಾಣವೊಂದೇ. ಇದನ್ನು ಅವರೇ ಕಾಣಬೇಕು. ಉಪಾಧ್ಯಾಯನು ಅವಸರಪಟ್ಟು ಹೇಳಿಬಿಡಬಾರದು. ಒಬ್ಬನಿಗೆ 4.9 ಬಂದರೆ ಗದರಿಸದೆ, ಹಾಗೇಕೆ ಬಂತೆಂದು ಕೇಳುವುದು ಲೇಸು. ಬೇರೆ ಬೇರೆ ಬಿಲ್ಲುಗಳನ್ನು ಅಳೆದು ತಮ್ಮದೇ ಕೋಷ್ಟಕವನ್ನು ರಚಿಸಿದ ಬಳಿಕ ಸೈನ್ ಎಂಬ ಹೆಸರು ಬರಲಿ. ಇದಕ್ಕೆ ಎರಡು ಮೂರು ಪೀರಿಯಡ್ಡುಗಳು ಹಿಡಿಯುವುದು ನಿಜ; ಮುಂದಿನ ಪಾಠಗಳಲ್ಲಿ ಆ ಕಾಲವು ಉಳಿಯುವುದೆಂದು ನಮ್ಮ ಅಭಿಪ್ರಾಯ.

‘ತ್ರಿಜ್ಯ’ ಎಂಬ ಪದದಲ್ಲಿಯೂ ಹೆದೆಯಿದೆ: ಮೂರು ರಾಶಿಗಳ, ಎಂದರೆ 90 ಡಿಗ್ರಿಗಳ, ಅರ್ಧಜ್ಯಾ ಎಂದು ಅದರ ಅರ್ಥ. 90 ಡಿಗ್ರಿಗೆ ಸೈನ್ ಒಂದು ಎಂಬುದನ್ನು ಈ ಪದವೇ ಹೇಳುತ್ತದೆ.

ಕ್ರಿ. ಶ. 499ರ ಕಾಲದ ಆರ್ಯಭಟೀಯದಲ್ಲಿಯೂ ಪರಿಧಿಯ ಆರನೆಯ ಒಂದು ಭಾಗದ ಜ್ಯಾ ತ್ರಿಜ್ಯಕ್ಕೆ ಸಮವೆಂದಿದೆ. ತ್ರಿಜ್ಯವನ್ನು 3438 ಕಲೆಗಳೆಂದು ಹಿಡಿದ ಆ ಪದ್ಧತಿಯ 24 ಅರ್ಧಜ್ಯಾಗಳಲ್ಲಿ ಎಂಟನೆಯದು, 30 ಡಿಗ್ರಿಯದು, 1719. ಮೊದಲನೆಯದು 225, ಅದರ ಕಂಸವೂ 225 ಕಲೆಗಳೇ. ಅಷ್ಟು ಚಿಕ್ಕ ಕಂಸವನ್ನೂ ಅರ್ಧಹೆದೆಯನ್ನೂ ಬೇರ್ಪಡಿಸಿ ತೋರಿಸಲು ಮಕ್ಕಳ ಪೆನ್ಸಿಲಿಗೂ ಸಾಧ್ಯವಾಗುವುದಿಲ್ಲ.