ಸೀಸೆ ಬರಿದಾದರೆ ಬಾಯಾರಿಕೆ ತೀರದೆ?

ಶಾಲೆಗಳಿಗೆ ರಜೆ ಬಂದಿತೆಂದರೆ ಮನೆಮನೆಯಲ್ಲಿಯೂ ಪ್ರವಾಸದ ಮಾತು ಏಳುವುದು ಸಹಜ. ಹುಬ್ಬಳ್ಳಿ, ದಾವಣಗೆರೆಗಳ ಕಡೆಯವರಿಗಂತೂ ಹಾವೇರಿ ಜಿಲ್ಲೆ ಹೊಸ್ತಿಲಲ್ಲಿಯೇ ಇದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬಳಿ ಉತ್ಸವ ರಾಕ್ ಗಾರ್ಡನ್ ಇದೆ; ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಈ ಶಿಲ್ಪವನದಲ್ಲಿ ನಮ್ಮ ಹಳ್ಳಿಯ ಬಾಳೇ ಪ್ರತಿಮೆಗಳಾಗಿ ನಿಂತಿದೆ. ಅದೇ ತಾಲೂಕಿನಲ್ಲಿ ಕನಕದಾಸರು ಹುಟ್ಟಿದ ಬಾಡ. ಪೂರ್ವಕ್ಕೆ ಹೊರಳಿದರೆ ನವಾಬರ ಸವಣೂರು, ನೈಋತ್ಯಕ್ಕೆ ತಾರಕೇಶ್ವರನ ಹಾನಗಲ್ಲು, ಇನ್ನೂ ದಕ್ಷಿಣಕ್ಕೆ ಇಳಿದರೆ ಹಿರೇಕೆರೂರು, ಅಬಲೂರು, ಮದಗ ಮಾಸೂರ ಕೆರೆ. ಮಕ್ಕಳಿಗೆ ಆಟ, ಹಿರಿಯರಿಗೆ ದೇವರ ದರ್ಶನ, ಎರಡೂ ಒಂದೇ ಸುತ್ತಿನಲ್ಲಿ ದೊರೆಯುತ್ತವೆ.

ಆದರೆ ಬಿಸಿಲು! ಮಾರ್ಚ್ ಕಳೆಯಿತೆಂದರೆ ಈ ಬಯಲುಸೀಮೆಯ ಮಧ್ಯಾಹ್ನ ಮನುಷ್ಯನ ನಾಲಗೆಯನ್ನು ಅಂಗುಳಿಗೆ ಅಂಟಿಸಿಬಿಡುತ್ತದೆ. ರಜೆಯ ದಿನಗಳಲ್ಲಿ ಯಾವ ವಿಹಾರಸ್ಥಳಕ್ಕೆ ಹೋದರೂ, ಯಾವ ಜಾತ್ರೆಗೆ ಹೋದರೂ, ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯ ಮುಂದೆ ಒಂದು ದೃಶ್ಯ ಕಾಣಸಿಗುವುದುಂಟು. “ಥಂಡಾ ಬಾಟ್ಲಿ ಎಲ್ಲಾ ಖಾಲಿ ಆಗ್ಯಾವ್ರಿ, ಸಂಜೀಕ ಗಾಡಿ ಬರ್ತೈತಿ” ಎಂದು ಅಂಗಡಿಯವನು ಕೈಯಾಡಿಸುತ್ತಾನೆ. ಮಗುವಿನ ಮುಖ ಸಣ್ಣದಾಗುತ್ತದೆ. ಜೊತೆಗಿದ್ದ ಅಜ್ಜಿಗೆ ಮಾತ್ರ ಸಂತೋಷ: “ಖಾಲಿ ಆಗಿದ್ದು ಚಲೋನ ಆತು ಬಿಡು. ಆ ಗ್ಯಾಸಿನ ನೀರು ಕುಡಿದ್ರ ಹೊಟ್ಟಿ ಸುಡತೈತಿ!”

ಮಗುವಿನ ಅಳುವೂ ಅಜ್ಜಿಯ ಅಂಜಿಕೆಯೂ ವಿಚಾರಕ್ಕೆ ಯೋಗ್ಯವಾದವುಗಳೇ. ಸೀಸೆ ಏಕೆ ಮುಗಿಯುತ್ತದೆ? ಮುಗಿದರೆ ನಷ್ಟವೇನು? ಅದರೊಳಗಿನ ಯಾವ ವಸ್ತುವಿಗೆ ನಾವು ನಿಜವಾಗಿ ಹೆದರಬೇಕು?

ಅಭಾವದ ಗುಟ್ಟು

ಅಂಗಡಿಯವನ ಕಷ್ಟ ಮೊದಲು ನೋಡೋಣ. ಪಾನೀಯವಿದ್ದರೆ ಸಾಲದು, ಅದು ತಣ್ಣಗಿರಬೇಕು. ಬಿಸಿಲಿನಲ್ಲಿ ಬಂದಿಳಿದ ಸೀಸೆಗಳನ್ನು ತಂಪುಪೆಟ್ಟಿಗೆ ತಣಿಸಲು ಗಂಟೆಗಟ್ಟಲೆ ಬೇಕು. ನಾಲ್ಕು ಬಸ್ಸುಗಳಲ್ಲಿ ಬಂದ ಶಾಲೆಯ ಮಕ್ಕಳು ಅದನ್ನು ಬರಿದುಮಾಡಲು ಅರ್ಧ ಗಂಟೆ ಸಾಕು. ನಡುವೆ ವಿದ್ಯುತ್ತು ಕೈಕೊಟ್ಟರೆ ಹೇಳುವುದೇ ಬೇಡ. ವಾರವಿಡೀ ಬಿಕೋ ಎನ್ನುವ ಸ್ಥಳಕ್ಕೆ ಭಾನುವಾರ ಜನಸಾಗರ ನುಗ್ಗಿದಾಗ, ವಾರದ ಲೆಕ್ಕದಲ್ಲಿ ತರಿಸಿದ ಸರಕು ಸಾಲದೆ ಬರುವುದು ಆಶ್ಚರ್ಯವಲ್ಲ.

ಅಭಾವಕ್ಕೆ ಕಾರಣ ಕೆಲವೊಮ್ಮೆ ಬಹು ದೂರದಲ್ಲಿಯೂ ಇರುತ್ತದೆ. ೨೦೧೮ರ ಜೂನ್ ತಿಂಗಳಿನಲ್ಲಿ ಬ್ರಿಟನ್ನಿನಲ್ಲಿ ಬಿಸಿಲೂ ಏರಿತ್ತು, ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳೂ ನಡೆದಿದ್ದವು. ಅದೇ ಹೊತ್ತಿಗೆ ಪಾನೀಯಗಳಿಗೆ ಗುಳ್ಳೆ ಕೊಡುವ ಇಂಗಾಲಾಮ್ಲ ವಾಯು, ಎಂದರೆ ಇಂಗಾಲದ ಡೈಆಕ್ಸೈಡು, ಸಿಕ್ಕದೆ ತಯಾರಕರು ಪರದಾಡಿದರು. ಕಾರಣ ಕೇಳಿದರೆ ನಗು ಬರುತ್ತದೆ: ಗೊಬ್ಬರದ ಕಾರ್ಖಾನೆಗಳು ದುರಸ್ತಿಗಾಗಿ ಬಾಗಿಲು ಹಾಕಿದ್ದವು! ಅಮೋನಿಯ ತಯಾರಿಸುವಾಗ ಹೊರಬೀಳುವ ಈ ವಾಯುವನ್ನೇ ಹಿಡಿದು, ಶುದ್ಧಗೊಳಿಸಿ ಪಾನೀಯಗಳಿಗೆ ತುಂಬುವುದು ವಾಡಿಕೆ. ಹೊಲಕ್ಕೆ ಬೇಕಾದ ಗೊಬ್ಬರ ನಿಂತರೆ ಹಬ್ಬಕ್ಕೆ ಬೇಕಾದ ಸೋಡಾವೂ ನಿಲ್ಲುತ್ತದೆ.

ನಮ್ಮ ದೇಶದಲ್ಲಿಯೂ ಒಮ್ಮೆ ಒಂದು ಪ್ರಸಿದ್ಧ ಸೀಸೆ ಅಂಗಡಿಗಳಿಂದ ಮಾಯವಾಯಿತು. ೧೯೭೭ರಲ್ಲಿ ಜನತಾ ಸರಕಾರದ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶೀ ವಿನಿಮಯ ಕಾಯಿದೆಯಂತೆ ಇಲ್ಲಿನ ಸಂಸ್ಥೆಯಲ್ಲಿ ತನ್ನ ಪಾಲನ್ನು ಕಡಿಮೆ ಮಾಡಿಕೊಳ್ಳಲು ಒಪ್ಪದೆ ಕೋಕಾ ಕೋಲಾ ಭಾರತದಿಂದ ಹೊರಟುಹೋಯಿತು. ಬರಿದಾದ ಜಾಗವನ್ನು ತುಂಬಲು ಸರಕಾರವೇ ಮುಂದಾದುದು ಒಂದು ವಿಚಿತ್ರ ಕಥೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಹೊಸ ಪಾನೀಯವೊಂದರ ಪಾಕವನ್ನು ಸಿದ್ಧಪಡಿಸಿದರು. ಸರಕಾರದ ಮಾಡರ್ನ್ ಸಂಸ್ಥೆ ಅದನ್ನು ತಯಾರಿಸಿತು. ಆ ವರ್ಷದ ನೆನಪಿಗೆ ‘ಡಬಲ್ ಸೆವೆನ್’ ಎಂದು ಹೆಸರು. ಕೆಲವೇ ವರ್ಷಗಳಲ್ಲಿ ಅದು ಹಿಂದೆ ಬಿದ್ದಿತು; ಥಮ್ಸ್ ಅಪ್, ಕ್ಯಾಂಪಾ ಕೋಲಾಗಳು ಮೇಲೆದ್ದವು. ೧೯೯೩ರಲ್ಲಿ ಕೋಕಾ ಕೋಲಾ ಮರಳಿ ಬಂದಿತು. ನಡುವಿನ ಹದಿನಾರು ವರ್ಷ ಭಾರತದಲ್ಲಿ ಯಾರೂ ಅದಿಲ್ಲದೆ ಬಾಯಾರಿ ಸಾಯಲಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಔಷಧವಾಗಿ ಹುಟ್ಟಿದ ಸೋಡಾ

ಇಂದು ನಾವು ಅನುಮಾನದಿಂದ ನೋಡುವ ಸೋಡಾ ಹುಟ್ಟಿದ್ದು ಔಷಧವೆಂಬ ನಂಬಿಕೆಯಲ್ಲಿ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಮದ್ಯದ ಭಟ್ಟಿಯೊಂದರ ನೆರೆಯಲ್ಲಿ ವಾಸವಾಗಿದ್ದ. ಹುಳಿಯುವ ತೊಟ್ಟಿಗಳ ಮೇಲೆ ನಿಂತ ವಾಯುವನ್ನು ೧೭೬೭ರಲ್ಲಿ ನೀರಿಗೆ ಬೆರೆಸಿ ನೋಡಿದಾಗ ಚುರುಚುರು ಎನ್ನುವ ನೀರು ಸಿದ್ಧವಾಯಿತು. ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಅದು ಮದ್ದಾದೀತೆಂದು ಆತ ಆಶಿಸಿದ. ಮದ್ದಾಗಲಿಲ್ಲ, ಆದರೆ ರುಚಿ ಉಳಿಯಿತು.

ನಮ್ಮ ಸಂತೆಪೇಟೆಗಳಿಗೆ ಚಿರಪರಿಚಿತವಾದ ಗೋಲಿ ಸೋಡಾದ ಸೀಸೆಯೂ ಇಂಗ್ಲೆಂಡಿನದೇ. ಹೈರಮ್ ಕಾಡ್ ಎಂಬ ಇಂಜಿನಿಯರು ೧೮೭೨ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಸೀಸೆಯನ್ನು ತಲೆಕೆಳಗಾಗಿಸಿ ವಾಯು ತುಂಬುತ್ತಾರೆ; ಒಳಗಿನ ಒತ್ತಡ ಗಾಜಿನ ಗೋಲಿಯನ್ನು ಕೊರಳಿನ ರಬ್ಬರ್ ಉಂಗುರಕ್ಕೆ ಬಿಗಿಯಾಗಿ ಒತ್ತಿಹಿಡಿಯುತ್ತದೆ. ಬೆರಳಿನಿಂದ ಅದುಮಿದರೆ ‘ಟಪ್’ ಎಂದು ಗೋಲಿ ಕೆಳಗಿಳಿಯುತ್ತದೆ. ಬಿರಡೆ ಬೇಕಿಲ್ಲ, ಮುಚ್ಚಳ ಬೇಕಿಲ್ಲ. ಆ ಶಬ್ದಕ್ಕಾಗಿಯೇ ಸೋಡಾ ಕುಡಿಯುವವರು ಇಲ್ಲದೆ ಇಲ್ಲ.

ಅಂಜಿಕೆಗಳ ಲೆಕ್ಕ

ಈಗ ಅಜ್ಜಿಯ ಮಾತಿಗೆ ಬರೋಣ. ಬರಿಯ ಸೋಡಾದಲ್ಲಿರುವ ಗ್ಯಾಸು ನಾವು ಉಸಿರು ಬಿಡುವಾಗ ಹೊರಹೋಗುವ ವಾಯುವೇ. ಹೊಟ್ಟೆ ಉಬ್ಬರಿಸುತ್ತದೆ, ತೇಗು ತರಿಸುತ್ತದೆ. ಹುಳಿತೇಗು, ಎದೆಯುರಿ ಇರುವವರಿಗೆ ತೊಂದರೆ ಕೊಡುತ್ತದೆ. ಅದರಿಂದ ಆಚೆಗೆ ಆರೋಗ್ಯವಂತರಿಗೆ ಗ್ಯಾಸು ವಿಷವೇನೂ ಅಲ್ಲ. ಗೋಲಿ ಸೋಡಾದಲ್ಲಿ ನಿಜವಾಗಿ ವಿಚಾರಿಸತಕ್ಕದ್ದು ನೀರಿನ ವಿಷಯ. ಗುಳ್ಳೆ ಬಂದ ಮಾತ್ರಕ್ಕೆ ಕೊಳೆನೀರು ಶುದ್ಧವಾಗದು. ಕಾಮಾಲೆ, ವಿಷಮಶೀತ ಜ್ವರಗಳು ನೀರಿನಿಂದಲೇ ಬರುವ ಬೇನೆಗಳು. ಮಂಜುಗಡ್ಡೆಯ ಮಾತೂ ಹೀಗೆಯೇ: ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂದು ೨೦೧೮ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆಜ್ಞೆ ಮಾಡಿತು. ನೀಲಿ ಕಂಡರೆ ದೂರವಿರಿ.

ಹಲ್ಲಿನ ಭಯಕ್ಕೆ ಆಧಾರವುಂಟು. ಕೋಲಾದ ಹುಳಿ ನಿಂಬೆರಸದ ಹುಳಿಗೆ ಹತ್ತಿರ ಬರುತ್ತದೆ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುತ್ತಿದ್ದರೆ ಹಲ್ಲಿನ ಹೊಳಪಿನ ಪದರು ಸವೆಯುತ್ತದೆ. ಮೂಳೆಯ ವಿಷಯದಲ್ಲಿ ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ೨೦೦೬ರಲ್ಲಿ ಒಂದು ಸಂಗತಿ ತಿಳಿಸಿತು: ನಿತ್ಯ ಕೋಲಾ ಕುಡಿಯುವ ಹೆಂಗಸರ ಸೊಂಟದ ಮೂಳೆ ಕಡಿಮೆ ಗಟ್ಟಿಯಾಗಿ ಕಂಡಿತು, ಕೋಲಾ ಅಲ್ಲದ ಇತರ ಗ್ಯಾಸಿನ ಪಾನೀಯ ಕುಡಿದವರಲ್ಲಿ ಹಾಗೆ ಕಾಣಲಿಲ್ಲ. ಎಂದರೆ ದೋಷ ಗುಳ್ಳೆಯದಲ್ಲವೆಂದು ತೋರುತ್ತದೆ.

ಕೀಟನಾಶಕದ ಸುದ್ದಿ ಹಲವರಿಗೆ ನೆನಪಿರಬಹುದು. ೨೦೦೩ರ ಆಗಸ್ಟಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹನ್ನೆರಡು ಹೆಸರಿನ ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶ ಕಂಡಿತೆಂದು ಪ್ರಕಟಿಸಿತು. ಶರದ್ ಪವಾರರ ಅಧ್ಯಕ್ಷತೆಯ ಸಂಸದೀಯ ಜಂಟಿ ಸಮಿತಿ ವಿಚಾರಣೆ ನಡೆಸಿ ೨೦೦೪ರ ಫೆಬ್ರವರಿಯಲ್ಲಿ ಆ ಕೇಂದ್ರದ ಶೋಧನೆಯನ್ನು ಎತ್ತಿಹಿಡಿಯಿತು. ೨೦೦೬ರಲ್ಲಿ ಮತ್ತೆ ವರದಿ ಬಂದಾಗ ಕರ್ನಾಟಕ ಸರಕಾರ ಶಾಲೆ ಕಾಲೇಜುಗಳಲ್ಲಿ ಈ ಪಾನೀಯಗಳ ಮಾರಾಟವನ್ನು ನಿಷೇಧಿಸಿತು. ಆದರೆ ಆ ಗದ್ದಲದಲ್ಲಿ ಒಂದು ದೊಡ್ಡ ಸಂಗತಿಗೆ ನಮ್ಮ ಗಮನ ಹೋಗಲೇ ಇಲ್ಲ. ಅದು ಯಾರೂ ಮುಚ್ಚಿಡದ, ಸೀಸೆಯ ಮೇಲೆಯೇ ಅಚ್ಚಾಗಿರುವ ವಸ್ತು: ಸಕ್ಕರೆ.

ಆರು ಚಮಚದ ಕಥೆ

ಸಾಮಾನ್ಯವಾದ ಕೋಲಾದ ೨೫೦ ಮಿಲಿಲೀಟರಿನ ಸೀಸೆಯಲ್ಲಿ ಸುಮಾರು ೨೬ ಗ್ರಾಂ ಸಕ್ಕರೆ ಇರುತ್ತದೆ. ಎಂದರೆ ಆರು ಚಹಾ ಚಮಚಕ್ಕೂ ಮಿಕ್ಕು. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದಂತೆ ಪ್ರಾಯದವರಿಗೆ ಇಡೀ ದಿನಕ್ಕೆ ೨೫ ಗ್ರಾಮಿನೊಳಗೆ ಇದ್ದರೆ ಉತ್ತಮ. ಒಂದೇ ಸೀಸೆಯಲ್ಲಿ ದಿನದ ಪಾಲು ಮುಗಿದುಹೋಯಿತು! ಅನಂತರ ಕುಡಿಯುವ ಚಹಾ, ಊಟದ ಹೋಳಿಗೆ ಎಲ್ಲವೂ ಸಾಲದ ಲೆಕ್ಕ. ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ವೈದ್ಯಕೀಯ ಸಮೀಕ್ಷೆ ತಿಳಿಸಿರುವಾಗ ಇದು ಲಘುವಾದ ಮಾತಲ್ಲ.

ಇದೇ ಆರು ಚಮಚಕ್ಕೆ ಇನ್ನೊಂದು ಮುಖವುಂಟು. ವಾಂತಿಭೇದಿಯಿಂದ ನಿತ್ರಾಣಗೊಂಡ ಮಗುವಿಗೆ ಮನೆಯಲ್ಲಿ ಜೀವಜಲ ಮಾಡುವ ಕ್ರಮ ತಾಯಂದಿರಿಗೆ ಗೊತ್ತಿದೆ: ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲಾನಬೀಸ್ ಸಕ್ಕರೆ ಉಪ್ಪಿನ ನೀರಿನಿಂದಲೇ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಆರು ಚಮಚ ಒಂದು ಲೀಟರಿನಲ್ಲಿ ಇದ್ದರೆ ಮದ್ದು; ಅದೇ ಆರು ಚಮಚ ಕಾಲು ಲೀಟರಿನಲ್ಲಿ, ಉಪ್ಪೂ ಇಲ್ಲದೆ ಇದ್ದರೆ ಭೇದಿಯನ್ನು ಹೆಚ್ಚಿಸಬಲ್ಲದು. ಪ್ರವಾಸದಲ್ಲಿ ಮಗುವಿಗೆ ಹೊಟ್ಟೆ ಕೆಟ್ಟಾಗ ‘ಗ್ಯಾಸಿನ ಶರಬತ್ತು ಕೊಟ್ಟರೆ ಸರಿಹೋದೀತು’ ಎಂದು ಭಾವಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ನಮ್ಮ ನಾಡಿನ ತಂಪು

ಹಾಗಾದರೆ ಏನು ಕುಡಿಯಬೇಕು? ಈ ತಾಲೂಕುಗಳೇ ಉತ್ತರ ಹೇಳುತ್ತವೆ. ಹಾನಗಲ್ಲು ಮಾವಿಗೆ ಹೆಸರಾದ ಸೀಮೆ. ಬೇಯಿಸಿ ಕಿವುಚಿದ ಮಾವಿನಕಾಯಿಗೆ ಉಪ್ಪು, ಜೀರಿಗೆ, ತುಸು ಬೆಲ್ಲ ಬಿದ್ದರೆ ಬಿಸಿಲಿನ ದಣಿವು ಆರುತ್ತದೆ. ಮಜ್ಜಿಗೆಗೆ ಶುಂಠಿ, ಕರಿಬೇವು, ಕೊತ್ತಂಬರಿ ಸೇರಿಸಿದರೆ ನೀರೂ ಉಪ್ಪೂ ಒಟ್ಟಿಗೆ ದೊರೆಯುತ್ತವೆ. ರಕ್ತದ ಒತ್ತಡವಿರುವವರು ಮಾತ್ರ ಉಪ್ಪಿನಲ್ಲಿ ಹಿಡಿತವಿಡಲಿ. ಎಳನೀರಿಗೆ ಹೊಗಳಿಕೆ ಬೇಕಿಲ್ಲ.

ಸವಣೂರಂತೂ ದೊಡ್ಡಹುಣಸೆ ಮರಗಳಿಗೆ ಪ್ರಸಿದ್ಧ. ಆನೆಯ ಮೈಯಂತಹ ಕಾಂಡದ ಈ ಮರದ ಮೂಲ ಆಫ್ರಿಕ. ಇದರ ಕಾಯಿಯ ಹುಳಿತಿರುಳಿನಿಂದ ಸೆನೆಗಲ್ ದೇಶದ ಜನ ಪಾನೀಯ ಮಾಡುತ್ತಾರೆ; ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕೆ ಗೋರಖ ಚಿಂಚ ಎಂದು ಹೆಸರು. ಪ್ರೀಸ್ಟ್ಲಿ ತನ್ನ ಗುಳ್ಳೆನೀರಿನಲ್ಲಿ ಹುಡುಕಿ ಕಾಣದ ಸ್ಕರ್ವಿಯ ಮದ್ದು, ‘ಸಿ’ ಜೀವಸತ್ವ, ಈ ತಿರುಳಿನಲ್ಲಿ ಹೇರಳವಾಗಿದೆ.

ಆದರೆ ಪಾನಕವೆಂದ ಮಾತ್ರಕ್ಕೆ ದೋಷಮುಕ್ತವೆಂದು ತಿಳಿಯಬಾರದು. ಬೆಲ್ಲವೂ ಸಕ್ಕರೆಯ ಬಳಗದ್ದೇ. ಕಬ್ಬಿನ ಹಾಲಿನಲ್ಲಿ ಸಿಹಿಯ ಪ್ರಮಾಣ ಕೋಲಾಕ್ಕೆ ಕಡಿಮೆಯೇನಲ್ಲ. ನಮ್ಮದೆಂಬ ಅಭಿಮಾನ ಮೇದೋಜೀರಕಕ್ಕೆ ತಿಳಿಯದು. ಮನೆಯ ಪಾನಕದ ಹೆಚ್ಚುಗಾರಿಕೆ ಒಂದೇ: ಚಮಚ ನಮ್ಮ ಕೈಯಲ್ಲಿ ಇರುತ್ತದೆ.

ಅರವಟ್ಟಿಗೆ ಎಲ್ಲಿ?

ಎಲ್ಲಕ್ಕಿಂತ ಮೊದಲು ಬೇಕಾದುದು ನೀರು. ದಾರಿಹೋಕರಿಗೆ ಉಚಿತವಾಗಿ ನೀರೂ ಮಜ್ಜಿಗೆಯೂ ಕೊಡುವ ಅರವಟ್ಟಿಗೆ ಕನ್ನಡನಾಡಿನ ಹಳೆಯ ಧರ್ಮ. ಅದಕ್ಕಾಗಿ ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿಯೇ ಕಾಣುತ್ತದೆ. ಟಿಕೇಟು ಕೊಂಡು ಒಳಹೋಗುವ ಇಂದಿನ ವಿಹಾರೋದ್ಯಾನಗಳಲ್ಲಿ ಎಲ್ಲಿ ನೋಡಿದರೂ ಪಾನೀಯದ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಶುದ್ಧವಾದ ನೀರಿನ ನಲ್ಲಿಯನ್ನು ಮಾತ್ರ ಹುಡುಕಬೇಕಾಗುವುದುಂಟು. ನೀರು ಸುಲಭವಾಗಿ ಸಿಕ್ಕದ ಕಡೆಯಲ್ಲಿಯೇ ಸೀಸೆಯ ಅಭಾವ ದೊಡ್ಡ ಸಂಕಟವಾಗುವುದು. ನಾಲ್ಕು ಕಡೆ ನೆರಳಿನಲ್ಲಿ ತಣ್ಣೀರಿನ ನಲ್ಲಿಯಿದ್ದರೆ ಪಾನೀಯ ಮುಗಿದದ್ದು ಮಕ್ಕಳ ಒಂದು ಗಳಿಗೆಯ ನಿರಾಶೆಯಾಗಿ ಮುಗಿದುಹೋಗುತ್ತದೆ. ಇಲ್ಲವಾದರೆ ಅದು ಬಿಸಿಲಿನ ಬವಳಿಗೆ ದಾರಿಯಾದೀತು.

ಆದುದರಿಂದ ಮುಂದಿನ ಪ್ರವಾಸಕ್ಕೆ ಹೊರಡುವಾಗ ಬುತ್ತಿಯ ಜೊತೆಗೆ ತಲೆಗೊಂದು ನೀರಿನ ಸೀಸೆ, ಒಂದು ಡಬ್ಬಿ ಮಜ್ಜಿಗೆ, ಔಷಧದ ಅಂಗಡಿಯಲ್ಲಿ ದೊರೆಯುವ ಜೀವಜಲದ ಎರಡು ಪೊಟ್ಟಣ ಇಟ್ಟುಕೊಳ್ಳಿ. ಚಿಕ್ಕಮಕ್ಕಳಿಗೂ ವೃದ್ಧರಿಗೂ ಬಾಯಾರಿಕೆಯೆಂದು ಕೇಳುವ ಮೊದಲೇ ನೀರು ಕೊಡಿ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮಗು ಒಂದು ಗೋಲಿ ಸೋಡಾ ಒಡೆಸಿಕೊಂಡು ‘ಟಪ್’ ಎಂದಾಗ ನಕ್ಕರೆ, ಶುದ್ಧವಾದ ಅಂಗಡಿಯಾಗಿದ್ದರೆ, ತಡೆಯಬೇಕಾದುದಿಲ್ಲ. ಅದನ್ನು ದಿನದ ರೂಢಿಯಾಗಲು ಬಿಡದಿದ್ದರೆ ಸಾಕು. ಉದ್ಯಾನದ ಬಾಗಿಲಲ್ಲಿ ಟಿಕೇಟು ಕೊಳ್ಳುವಾಗ “ಕುಡಿಯುವ ನೀರು ಎಲ್ಲೈತ್ರಿ?” ಎಂದು ಮೊದಲು ಕೇಳಿರಿ. ನೂರು ಜನ ಕೇಳಿದರೆ ನೂರೊಂದನೆಯವರು ಬರುವಷ್ಟರಲ್ಲಿ ಅಲ್ಲಿ ಒಂದು ಅರವಟ್ಟಿಗೆ ಎದ್ದೀತು.